ಗೆಳತಿ ಸಾಯುವ ಮಕ್ಕಳ ಕಾದಂಬರಿ: ಸಾವನ್ನ ಎಷ್ಟನೇ ಅಧ್ಯಾಯಕ್ಕೆ ಇಟ್ರಿ?

ಪಾಟಿಬಳಪ:
10ರಿಂದ 13 ವಯಸ್ಸಿನವರಿಗೆ ಕಾದಂಬರಿ. 14 ಅಧ್ಯಾಯ, ಹತ್ತಿರಹತ್ತಿರ 18,000 ಪದ. ತಿಪಟೂರು ಸೀಮೆಯ ಹಳ್ಳಿ, ಐದನೇ ಕ್ಲಾಸಿನ ಇಬ್ಬರು ಗೆಳತಿಯರು. 12ನೇ ಅಧ್ಯಾಯದಲ್ಲಿ ಒಬ್ಬಳು ಕೃಷಿಹೊಂಡಕ್ಕೆ ಬಿದ್ದು ತೀರಿಕೊಳ್ತಾಳೆ. ಹಸ್ತಪ್ರತಿ ನೋಡಿದ ಪ್ರಕಾಶಕರು "ಸಾವು ಬೇಡ, ಟಿ.ಸಿ. ತಗೊಂಡು ಬೇರೆ ಊರಿಗೆ ಹೋದಳು ಅಂತ ಮಾಡಿ" ಅಂತಿದ್ದಾರೆ. ಸಾವನ್ನ ಉಳಿಸ್ಕೊಂಡವರು ಎಲ್ಲಿಟ್ರಿ, ಆಮೇಲೆ ಎಷ್ಟು ಪುಟ ಕೊಟ್ರಿ, ಯಾವುದು ಕೈಕೊಡ್ತು?

ಕೆಂಪುಶಾಯಿ:
ನಮ್ಮದು 15 ಅಧ್ಯಾಯ. ಮೊದಲ ಕರಡಲ್ಲಿ ಸಾವು 13ರಲ್ಲಿತ್ತು, ಆಮೇಲೆ ಉಳಿದದ್ದು 9 ಪುಟ. ಅಷ್ಟರಲ್ಲೇ ಅಳು, ತಿಥಿ, ನೆನಪಿಗೊಂದು ಗಿಡ ನೆಡೋದು, ಶುಭಂ. ಆರನೇ ಕ್ಲಾಸಿನವರಿಗೆ ಓದಿಸಿದ್ರೆ ಅವರು ಕೇಳಿದ್ದು ಒಂದೇ: "ಬೆಂಚಲ್ಲಿ ಅವಳ ಜಾಗಕ್ಕೆ ಯಾರು ಬಂದ್ರು?" ಅದನ್ನ ಬರೆದೇ ಇರಲಿಲ್ಲ. ಸಾವನ್ನ 7ಕ್ಕೆ ತಂದ್ವಿ: 6 ಅಧ್ಯಾಯ ಗೆಳೆತನ, 1 ಸಾವು, 8 ಆಮೇಲಿನದು. ಹೇಳೋಕೆ ಸುಲಭ, 11,000 ಪದ ಬುಟ್ಟಿಗೆ ಹೋಯ್ತು.

ಅದಕ್ಕಿಂತ ದೊಡ್ಡ ಏಟು ಮೊದಲ ಆರು ಅಧ್ಯಾಯದಲ್ಲಿ ಬಿತ್ತು. ಸಾಯೋ ಹುಡುಗಿ ಅಂತ ನಮಗೆ ಗೊತ್ತಿತ್ತಲ್ಲ, ಅವಳ ಕೈಲಿ ಒಂದು ತಪ್ಪೂ ಮಾಡಿಸಿರಲಿಲ್ಲ. ಬರೀ ಹಾಡು, ನಗು, ತಂಗಿ ಮೇಲೆ ಪ್ರೀತಿ. ಎರಡನೇ ಪುಟಕ್ಕೇ ಇವಳು ಉಳಿಯಲ್ಲ ಅಂತ ಮಕ್ಕಳು ಹೇಳಿಬಿಡ್ತಾರೆ. ಆಮೇಲೆ ಅವಳಿಗೆ ಮೂರು ಕೆಟ್ಟ ಗುಣ ಕೊಟ್ವಿ. ತಗೊಂಡ ರಬ್ಬರ್ ವಾಪಸ್ ಕೊಡಲ್ಲ, ಕುಂಟೆಬಿಲ್ಲೆಯಲ್ಲಿ ಗೆರೆ ತುಳಿದೂ ತುಳಿದಿಲ್ಲ ಅಂತಾಳೆ, ಅಪ್ಪನ ಕೆಲಸದ ಬಗ್ಗೆ ಸುಳ್ಳು ಹೇಳ್ತಾಳೆ. ಸತ್ತ ಮೇಲೆ ಕಥೆ ಹೊತ್ಕೊಂಡು ಹೋಗಿದ್ದು ಆ ರಬ್ಬರ್. ಉಳಿದ ಗೆಳತಿ ಅದನ್ನ ವಾಪಸ್ ಕೇಳೋ ಹಾಗೂ ಇಲ್ಲ, ಬಿಡೋ ಹಾಗೂ ಇಲ್ಲ. ಇಂಥ ವಸ್ತು ಮುಂಚಿನ ಭಾಗದಲ್ಲಿ ಎರಡು ಸಲವಾದ್ರೂ ಕೈಗೆ ಬಂದಿರಬೇಕು. ಒಂದೇ ಸಲ ಬಂದಿದ್ರೆ ಓದೋ ಮಗುಗೆ ನೆನಪಿರಲ್ಲ.

ಟಿಸಿಪುಸ್ತಕ:
ಬೇರೆ ಊರಿಗೆ ಕಳಿಸೋದು ಹೇಡಿತನ ಅನ್ನೋ ದನಿ ಶುರುವಾಗೋ ಮುಂಚೆ ಹೇಳ್ಬಿಡ್ತೀನಿ. ನಾವು ಕಳಿಸಿದ್ವಿ. ಒಬ್ಬಳ ಅಪ್ಪ ಕಾಫಿ ತೋಟದ ಕೆಲಸಕ್ಕೆ ಸಕಲೇಶಪುರಕ್ಕೆ ಹೋಗ್ತಾನೆ, ಮಗಳೂ ಹೋಗ್ತಾಳೆ. ಹುಡುಗಿಯರಿಬ್ಬರಿಗೂ ಸ್ವಂತ ಫೋನ್ ಇಲ್ಲ. ಅಗಲಿಕೆಯೂ ದುಃಖವೇ. ಆದ್ರೆ ಒಂದು ಲೆಕ್ಕ ತಪ್ಪಿತ್ತು. ಈಗಿನ ಕಾಲದ ಕಥೆ, ಅಪ್ಪನ ಮೊಬೈಲಿಂದ ವಾಟ್ಸಾಪ್ ಮಾಡಬಹುದಲ್ಲ ಅಂತ ಎಲ್ಲಾ ಮಕ್ಕಳೂ ಕೇಳಿದ್ರು. ಅದನ್ನ ಮುಚ್ಚೋಕೆ ಕಥೆಯನ್ನ 1998ಕ್ಕೆ ಹಾಕಿದ್ವಿ. ಆಗ ಬಸ್ ಟಿಕೆಟ್ ದರ, ಅಂಚೆ ಕಾರ್ಡು, ಹುಡುಗಿ ಸಮವಸ್ತ್ರ, ಎಲ್ಲ ಬದಲಾಯ್ತು. 23 ಕಡೆ ತಿದ್ದುಪಡಿ. ಆದ್ರೂ ಇದು ಸರಿ. ಎಲ್ಲಾ ಮಗುವಿಗೂ ಸಾವೇ ತೋರಿಸಬೇಕು ಅಂತ ಎಲ್ಲಿದೆ?

ಕೆಂಪುಶಾಯಿ:
ಯಾರೂ ಹೇಡಿತನ ಅಂದಿಲ್ಲ, ನೀವೇ ಅಂದ್ಕೊಂಡ್ರಿ. ಗೋವಿನ ಹಾಡಲ್ಲಿ ಹುಲಿ ಕಡೆಗೆ ಪ್ರಾಣ ಬಿಡೋದನ್ನ ಎಳೆ ಮಕ್ಕಳೂ ರಾಗ ಎಳೆದು ಹೇಳ್ತಾರೆ.

ಟಿಸಿಪುಸ್ತಕ:
ಹುಲಿ ಬೇರೆ, ಪಕ್ಕದ ಬೆಂಚಿನ ಹುಡುಗಿ ಬೇರೆ ಸ್ವಾಮಿ.

ಗುಬ್ಬಿಗೂಡು:
ವಯಸ್ಸಿನ ಲೆಕ್ಕ ಯಾರೂ ಎತ್ತಲಿಲ್ಲ. ಸಾವು ಅಂದ್ರೆ ಮಗುಗೆ ನಾಲ್ಕು ವಿಷಯ ಅರ್ಥ ಆಗಬೇಕು: ಹೋದವರು ಬರಲ್ಲ, ದೇಹ ಕೆಲಸ ನಿಲ್ಲಿಸುತ್ತೆ, ಎಲ್ಲರಿಗೂ ಬರುತ್ತೆ, ಅದಕ್ಕೊಂದು ಕಾರಣ ಇರುತ್ತೆ. ಹಂಗೇರಿಯ ಮಕ್ಕಳ ಮೇಲೆ ಮನಶ್ಶಾಸ್ತ್ರಜ್ಞೆ ಮರಿಯಾ ನಾಜ್ 1948ರಲ್ಲಿ ಬರೆದದ್ದರಲ್ಲಿ ಪೂರ್ತಿ ತಿಳಿವಳಿಕೆ ಬರೋದು 9ರ ಆಸುಪಾಸು. ಆಮೇಲಿನ ಅಧ್ಯಯನಗಳಲ್ಲಿ ಬಹಳ ಮಕ್ಕಳಿಗೆ ಅದಕ್ಕಿಂತ ಮುಂಚೆಯೇ. ಅಂದ್ರೆ 10ರ ಓದುಗನಿಗೆ ಇದು ಹೊಸ ಸುದ್ದಿ ಅಲ್ಲ. ಕಥೆಯ ದೊಡ್ಡವರು "ದೇವರ ಹತ್ರ ಮಲಗಿದಾಳೆ" ಅಂತ ಹೇಳಲಿ, ಹೇಳೋದು ನಿಜವೇ. ಅದೇ ಅಧ್ಯಾಯದಲ್ಲಿ ಇನ್ನೊಬ್ಬರು "ಸತ್ತಳು" ಅನ್ನೋ ಪದ ಬಳಸಲಿ. ಇಲ್ಲಾಂದ್ರೆ ಆರು ವರ್ಷದ ತಮ್ಮ ಮಲಗೋಕೆ ಹೆದರೋ ದೃಶ್ಯವನ್ನೂ ನೀವೇ ಬರೀಬೇಕಾಗುತ್ತೆ.

ನಮ್ಮ ಹಸ್ತಪ್ರತಿ ಕೆಟ್ಟಿದ್ದು ಅಳುವಲ್ಲಿ. ಉಳಿದ ಗೆಳತಿ 40 ಪುಟ ಬಿಡದೆ ಅತ್ತಿದ್ದಾಳೆ. ಮಕ್ಕಳ ದುಃಖ ಹಾಗಿರಲ್ಲ. ತುಂಡುತುಂಡಾಗಿ ಬರುತ್ತೆ. ಹೆಣದ ಮನೆಯಿಂದ ಬಂದು ಹತ್ತೇ ನಿಮಿಷಕ್ಕೆ ಬೋಂಡ ಕೇಳ್ತಾರೆ, ಆಮೇಲೆ ಹದಿನೈದು ದಿನ ಬಿಟ್ಟು ಬಿಸಿಯೂಟದ ಸಾಲಲ್ಲಿ ನಿಂತಾಗ ಅಳು. ಪುಟಕ್ಕೆ ಲೆಕ್ಕ ಹಾಕಿ ತಿದ್ದಿದ್ವಿ: ಅಳೋ ದೃಶ್ಯ ಒಂದೂವರೆ ಪುಟ ಮೀರಬಾರದು, ಎರಡು ಅಳುವಿನ ನಡುವೆ ಕನಿಷ್ಠ ಒಂದು ಆಟ ಅಥವಾ ಜಗಳ. 40 ಹೋಗಿ 26 ಆಯ್ತು.

ಇನ್ನು ತಪ್ಪಿತಸ್ಥ ಭಾವ. ಹಿಂದಿನ ದಿನ ಗೆಳತಿ ಜೊತೆ ಟೂ ಬಿಟ್ಟಿದ್ರೆ ಆ ಟೂ ಹಾಗೇ ಉಳಿಯುತ್ತೆ. ಬೆರಳು ಚಾಚಿ ರಾಜಿ ಮಾಡ್ಕೊಳ್ಳೋಕೆ ಎದುರಿಗೆ ಬೆರಳಿಲ್ಲ. "ನಾನು ಟೂ ಬಿಟ್ಟಿದ್ದಕ್ಕೇ ಸತ್ತಳಾ?" ಅನ್ನೋದನ್ನ ಮಗು ಯಾರಿಗಾದ್ರೂ ಬಾಯಿಬಿಟ್ಟು ಕೇಳಬೇಕು, ಕೇಳಿಸ್ಕೊಂಡವರು "ಇಲ್ಲ" ಅಂತ ನೇರವಾಗಿ ಹೇಳಬೇಕು. ಇದನ್ನ ಸೂಚ್ಯವಾಗಿ ಬಿಡಬೇಡಿ.

ಕೆಂಪುಶಾಯಿ:
ಆ "ಇಲ್ಲ" ಅಂದೋರು ಆಮೇಲೆ ಎರಡು ಪುಟ ಬುದ್ಧಿ ಹೇಳ್ತಾರೆ, ಕಾದಂಬರಿ ಅಲ್ಲಿಗೆ ಸಾಯುತ್ತೆ. ಆಪ್ತಸಮಾಲೋಚಕರ ಕೈಪಿಡಿ ಬೇರೆ, ಕಾದಂಬರಿ ಬೇರೆ ಮೇಡಂ.

ಗುಬ್ಬಿಗೂಡು:
"ಇಲ್ಲ" ಎರಡೇ ಅಕ್ಷರ. ಎರಡು ಪುಟ ಅಂತ ನಾನೆಲ್ಲಿ ಹೇಳ್ದೆ?

ಹಾಲುತುಪ್ಪ:
ನೀವಿಬ್ಬರೂ ಶವಸಂಸ್ಕಾರ ದಾಟಿ ಹೋಗ್ಬಿಟ್ರಿ. ನಮ್ಮ ಪುಸ್ತಕ ಮುಗ್ಗರಿಸಿದ್ದು ಅಲ್ಲೇ. ಹತ್ತು ವರ್ಷದ ಮಗುಗೆ ಚಿತೆ ಇಟ್ಟಿದ್ವಿ. ಅಚ್ಚಾದ ಮೇಲೆ ಹಿರಿಯರೊಬ್ಬರು ಹೇಳಿದ್ರು, ಸುಡೋ ಜಾತಿಗಳಲ್ಲೂ ಎಷ್ಟೋ ಕಡೆ ಚಿಕ್ಕ ಮಕ್ಕಳನ್ನ ಹೂಳ್ತಾರೆ ಅಂತ. ತಿಪಟೂರು ಕಡೆ ಲಿಂಗಾಯತರ ಮನೆ ಆದ್ರಂತೂ ಹೂಳೋದೇ, ವಿಭೂತಿ ಸಮೇತ. ಮೊದಲು ಆ ಮನೆ ಯಾವುದು ಅಂತ ತೀರ್ಮಾನ ಮಾಡಿ. ಹಾಲುತುಪ್ಪ ಮೂರನೇ ದಿನವೋ ಐದನೇ ದಿನವೋ ಅನ್ನೋದೂ ಅದರ ಮೇಲೇ.

ಎರಡನೇದು, ನೀರಿಗೆ ಬಿದ್ದ ಸಾವು ಅಸಹಜ ಸಾವು. ಪೊಲೀಸು, ಪಂಚನಾಮೆ, ತಾಲ್ಲೂಕು ಆಸ್ಪತ್ರೆಯಲ್ಲಿ ಮರಣೋತ್ತರ ಪರೀಕ್ಷೆ. ಸಂಜೆ ಸಿಕ್ಕಿದ ದೇಹ ಮಾರನೇ ದಿನ ಮಧ್ಯಾಹ್ನಕ್ಕೆ ಮನೆಗೆ ಬರಬಹುದು. "ಅದೇ ರಾತ್ರಿ ಮಣ್ಣು ಮಾಡಿದರು" ಅಂತ ಬರೆದಿದ್ರೆ ತೆಗೀರಿ. ಆ ಖಾಲಿ ರಾತ್ರಿಯೇ ನಿಮಗೆ ಒಂದು ಅಧ್ಯಾಯ.

ಮೂರನೇದು, ಎಷ್ಟೋ ಕಡೆ ಮಕ್ಕಳನ್ನ ಮಣ್ಣಿಗೆ ಕರ್ಕೊಂಡು ಹೋಗಲ್ಲ. ಹುಡುಗಿ ಕಣ್ಣಿಂದಲೇ ಕಥೆ ಹೇಳ್ತಿದ್ರೆ ಗುಂಡಿ ತೋರಿಸೋ ಹಾಗಿಲ್ಲ. ನಾವು ಮಾರನೇ ದಿನದ ದಾರಿ ತೋರಿಸಿದ್ವಿ. ಹೆಣದ ಮುಂದೆ ಎರಚಿದ ಪುರಿ ಶಾಲೆಗೆ ಹೋಗೋ ದಾರಿಯುದ್ದಕ್ಕೂ ಬಿದ್ದಿದೆ, ಇಬ್ಬನಿಗೆ ಮೆತ್ತಗಾಗಿದೆ, ಕೋಳಿ ಹೆಕ್ಕುತ್ತಿದೆ. ಹುಡುಗಿ ತುಳಿಯದೆ ಹೆಜ್ಜೆ ಇಡ್ತಾಳೆ, ಕುಂಟೆಬಿಲ್ಲೆ ಆಡೋ ಹಾಗೆ. ಇಡೀ ಪುಸ್ತಕದಲ್ಲಿ ಮಕ್ಕಳಿಗೆ ನೆನಪಿರೋದು ಇದೊಂದೇ.

ಬಯಲುಸೀಮೆ:
ಪುರಿ ಅಂದ್ರೆ ಅರ್ಧ ಕರ್ನಾಟಕಕ್ಕೆ ಎಣ್ಣೇಲಿ ಕರಿದ ಪೂರಿ ಅನ್ಸುತ್ತೆ. ಮಂಡಕ್ಕಿ ಅನ್ನಿ.

ಹಾಲುತುಪ್ಪ:
ಮೈಸೂರು ಕಡೆ ಹೆಣದ ಮುಂದೆ ಎರಚೋದು ಪುರಿಯೇ. ದಾವಣಗೆರೆಯಲ್ಲಿ ತಿನ್ನೋದು ಮಂಡಕ್ಕಿ.

ಕೇರಿಕಟ್ಟಿ:
ನಮ್ಮ ಧಾರವಾಡ ಕಡೆ ಚುರುಮುರಿ ಅಂತೀವ್ರಿ. ನೀವಿಬ್ಬರೂ ಕೂಡಿ ರಾಜ್ಯದ ಮೇಲಿನ ಅರ್ಧ ಬಿಟ್ಟೇಬಿಟ್ಟೀರಿ ನೋಡ್ರಿ.

ಎಂಟನೇಫಾರಂ:
ಪದದ ಜಗಳ ಆಮೇಲೆ. ಕಾಗದದ ಲೆಕ್ಕ ಕೇಳಿ. ಡೆಮಿ 1/8 ಅಳತೆ, 14 ಪಾಯಿಂಟ್ ಅಕ್ಷರ, ಪುಟಕ್ಕೆ 180-190 ಪದ. 18,000 ಪದ ಅಂದ್ರೆ 97 ಪುಟ, ಚಿತ್ರ ಮತ್ತು ಮೊದಲ ಪುಟಗಳು ಸೇರಿ 112. ಒಂದು ಫಾರಂ ಅಂದ್ರೆ ಒಟ್ಟಿಗೆ ಅಚ್ಚಾಗೋ 16 ಪುಟ, ಹಾಗಾಗಿ ಸರಿಯಾಗಿ 7 ಫಾರಂ. ಸಾವನ್ನ ಮುಂದಕ್ಕೆ ತಂದು ಆಮೇಲಿನ ಭಾಗ ಬೆಳೆಸಿದಾಗ ನಮ್ಮದು 121 ಆಯ್ತು. ಎಂಟನೇ ಫಾರಂ ಹತ್ತಲೇಬೇಕು, 7 ಪುಟ ಖಾಲಿ. 500 ಪ್ರತಿಗೆ 8 ಫಾರಂ ಅಂದ್ರೆ 23×36 ಇಂಚಿನ ಹಾಳೆ 2,000 (ಒಂದು ಹಾಳೆಗೆ ಎರಡು ಫಾರಂ), ಅಂದ್ರೆ 4 ರೀಮು, ವೇಸ್ಟೇಜಿಗೆ ಅರ್ಧ ರೀಮು ಬೇರೆ. ಪ್ಲೇಟು, ಅಚ್ಚು, ಕಾಗದ ಸೇರಿ ಆ ಒಂದು ಫಾರಂಗೆ 2,800 ರೂಪಾಯಿ ಹೆಚ್ಚು. ಉಳಿಸೋಕೆ ಹೋಗಿ 9 ಪುಟ ಕಡಿದ್ವಿ. ಎಲ್ಲಿಂದ? ಸಾವಿನ ನಂತರದ ಭಾಗದಿಂದ. ಅಜ್ಜಿ ಜೊತೆಗಿನ ಮಾತೆಲ್ಲ ಹೋಯ್ತು. ಈಗ ಓದಿದವರೆಲ್ಲ "ಕೊನೆ ಅವಸರ ಆಯ್ತು" ಅಂತಾರೆ. 2,800ಕ್ಕೆ ಪುಸ್ತಕ ಕೆಡಿಸಿಕೊಂಡ್ವಿ. ಅಕ್ಷರವನ್ನ 13 ಪಾಯಿಂಟಿಗೆ ಇಳಿಸೋ ಉಪಾಯವೂ ಬೇಡ, ಒತ್ತಕ್ಷರ ಕೂಡಿಕೊಂಡು ಹತ್ತು ವರ್ಷದವರು ಸಾಲು ತಪ್ಪಿಸ್ಕೊಳ್ತಾರೆ.

ಟಿಸಿಪುಸ್ತಕ:
ನಮ್ಮದು 96 ಪುಟ, 6 ಫಾರಂ. ಸಾವಿಲ್ಲದಿದ್ರೆ ಕಾಗದವೂ ಉಳಿಯುತ್ತೆ.

ಎಂಟನೇಫಾರಂ:
ಇದನ್ನೊಂದು ವಾದ ಅಂತ ಬೇರೆ ಹೇಳ್ತಿದ್ದೀರಲ್ಲ.

ಬಯಲುಸೀಮೆ:
ಹೊಂಡ ಯಾಕೆ, ರಕ್ತದ ಕ್ಯಾನ್ಸರ್ ಇಟ್ಟುಬಿಡಿ, ಗೆಳತಿಗೆ ವಿದಾಯ ಹೇಳೋಕೆ ಸಮಯವಾದ್ರೂ ಸಿಗುತ್ತೆ.

ಗುಬ್ಬಿಗೂಡು:
ದಯವಿಟ್ಟು ಬೇಡ. ಮಕ್ಕಳಲ್ಲಿ ಹೆಚ್ಚು ಕಾಣೋ ಎಎಲ್‌ಎಲ್ ಅನ್ನೋ ರಕ್ತದ ಕ್ಯಾನ್ಸರ್‌ಗೆ ಎರಡರಿಂದ ಮೂರು ವರ್ಷ ಚಿಕಿತ್ಸೆ, ಪೂರ್ತಿ ಚಿಕಿತ್ಸೆ ಸಿಕ್ಕಿದ ಮಕ್ಕಳಲ್ಲಿ ಹೆಚ್ಚಿನವರು ಗುಣ ಆಗ್ತಾರೆ. ಎರಡು ತಿಂಗಳಲ್ಲಿ ಕೂದಲು ಉದುರಿ ಸಾಯೋದು ಸಿನಿಮಾ ಲೆಕ್ಕ. ಚಿಕಿತ್ಸೆಯಲ್ಲಿರೋ ಮಗುವೇ ಈ ಪುಸ್ತಕ ಹಿಡಿಯಬಹುದು.

ಹೊಂಡ ಇಟ್ಕೊಳ್ಳೋದಾದ್ರೆ ಅದು ಹೇಗೆ ಕೊಲ್ಲುತ್ತೆ ಅಂತ ಬರೀರಿ. ಆಳಕ್ಕಿಂತ ಹಾಸಿದ ಪ್ಲಾಸ್ಟಿಕ್ ಹಾಳೆಯೇ ಅಪಾಯ. ಇಳಿಜಾರಿಗೆ ಪಾಚಿ ಕಟ್ಟಿರುತ್ತೆ, ಕೈಗೆ ಹಿಡಿತ ಸಿಗಲ್ಲ, ಈಜು ಬಂದವರೂ ಮೇಲೆ ಹತ್ತಕ್ಕಾಗಲ್ಲ. ಜೊತೆಯವರು ಇಳಿದ್ರೆ ಅವರೂ ಹೋಗ್ತಾರೆ. ಹುಡುಗಿ ದಡದಲ್ಲಿದ್ದಳು ಅಂತಾದ್ರೆ ಅವಳು ಇಳಿಯದೆ ಕೂಗಿಕೊಂಡು ಓಡಿದ್ದೇ ಸರಿ ಅಂತ ಕಥೆಯೊಳಗೇ ಗೊತ್ತಾಗಬೇಕು. ಬಿದ್ದವರು ಹಿಡ್ಕೊಳ್ಳೋಕೆ ಹಗ್ಗ ಕಟ್ಟಿದ ಟ್ಯೂಬನ್ನ ಇನ್ನೊಂದು ಹೊಂಡದಲ್ಲಿ ಮೊದಲೇ ತೋರಿಸಿಡಿ.

ಕೆಂಪುಶಾಯಿ:
ಇದನ್ನ ಒಪ್ತೀನಿ. ಇನ್ನೊಂದು, ತಿಂಗಳು ನೋಡ್ಕೊಳ್ಳಿ. ಸಾವನ್ನ ಸೆಪ್ಟೆಂಬರ್ ಕೊನೆಗೆ ಇಟ್ರೆ ದಸರಾ ರಜೆ ಬಂದು ತರಗತಿಯ ದೃಶ್ಯವೆಲ್ಲ ನುಂಗುತ್ತೆ. ನಾವು ಜುಲೈಗೆ ತಂದ್ವಿ. ಹಾಜರಿ ಪುಸ್ತಕದಲ್ಲಿ ತಿಂಗಳಿಗೊಂದು ಹೊಸ ಪುಟ, ಹೆಸರೆಲ್ಲ ಮತ್ತೆ ಬರೀತಾರೆ. ಜುಲೈ ಪುಟದಲ್ಲಿ ಅವಳ ಹೆಸರಿನ ಮುಂದೆ ಕೆಂಪು ಗೆರೆ. ಆಗಸ್ಟ್ 1ಕ್ಕೆ ಹೆಸರೇ ಇಲ್ಲ. ಮೇಷ್ಟ್ರು ಅಭ್ಯಾಸಬಲದಿಂದ ಕೂಗಿಬಿಡ್ತಾರೆ, ಯಾರೋ ಒಬ್ಬ ಹುಡುಗ "ಹಾಜರ್" ಅಂತಾನೆ. ಯಾರು ಅಂತ ನಾವು ಬರೆಯಲಿಲ್ಲ.

ಪಾಟಿಬಳಪ:
ಸಾವು 7ಕ್ಕೆ ಹೋಯ್ತು, ತಿಂಗಳು ಜುಲೈ ಆಯ್ತು. ಎಂಟನೇ ಫಾರಂ ದುಡ್ಡು ನಾನೇ ಹಾಕ್ತೀನಿ ಅಂತ ಪ್ರಕಾಶಕರಿಗೆ ಹೇಳಿದ್ದೀನಿ, ಉತ್ತರ ಬಂದಿಲ್ಲ. ತಿಪಟೂರಿಗೆ ಪುರಿಯೋ ಮಂಡಕ್ಕಿಯೋ?

ಬಯಲುಸೀಮೆ:
ಮಂಡಕ್ಕಿ.

ಹಾಲುತುಪ್ಪ:
ಪುರಿ. ಸಂಶಯ ಇದ್ರೆ ಅಲ್ಲಿನ ಸಂತೇಲಿ ಒಂದು ಸೇರು ಕೊಂಡು ನೋಡಿ, ಅಂಗಡಿಯವನು ಏನಂತ ಕೂಗ್ತಾನೋ ಅದನ್ನೇ ಬರೀರಿ.

ಕೇರಿಕಟ್ಟಿ:
ಚುರುಮುರಿ ಕೇಳಿದ್ರ ಕೊಡಂಗಿಲ್ಲೇನ್ರಿ ಅಲ್ಲೆ?