ರೇಡ್‌ಝೆಡ್1 ಪೂಲ್‌ಗೆ ಒಂದೇ ಡಿಸ್ಕ್ ಸೇರಿಸಬಹುದಾ?

ಮದ್ದಳೆಪ್ರಿಯ:
ಮನೆಯ ಸರ್ವರ್‌ನಲ್ಲಿ ಉಬುಂಟು 24.04 ಇದೆ. 4 ಟಿಬಿಯ ನಾಲ್ಕು ಡಿಸ್ಕ್ ಹಾಕಿ ಝೆಡ್‌ಎಫ್‌ಎಸ್ (ಹಲವು ಡಿಸ್ಕ್‌ಗಳನ್ನು ಒಟ್ಟಿಗೆ ನಿಭಾಯಿಸುವ ಫೈಲ್ ಸಿಸ್ಟಮ್) ರೇಡ್‌ಝೆಡ್1 ಪೂಲ್ ಮಾಡಿದ್ದೇನೆ. ಅಂದರೆ ನಾಲ್ಕೂ ಸೇರಿ ಒಂದೇ ಸಂಗ್ರಹ, ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುತ್ತದೆ. ಒಳಗಿರುವುದೆಲ್ಲ ಯಕ್ಷಗಾನದ ರೆಕಾರ್ಡಿಂಗ್, ಇಡೀ ರಾತ್ರಿಯ ಆಟಗಳು. ಹಾಡಿದವರಲ್ಲಿ ಕೆಲವರು ಈಗಿಲ್ಲ. ಪೂಲ್ 88% ತುಂಬಿದೆ. ಅಷ್ಟೇ ದೊಡ್ಡ ಇನ್ನೊಂದು ಡಿಸ್ಕ್ ತಂದೆ. ‘ಝೆಡ್‌ಪೂಲ್ ಆಡ್’ ಕೊಟ್ಟರೆ ‘ಮಿಸ್‌ಮ್ಯಾಚ್ಡ್ ರೆಪ್ಲಿಕೇಷನ್ ಲೆವೆಲ್’ ಅಂತ ತಡೆಯುತ್ತದೆ. ತಡೆ ಮೀರಿ ಬಲವಂತವಾಗಿ ಸೇರಿಸುವ ‘-ಎಫ್’ ಹಾಕು ಅಂತಾರೆ ಗೆಳೆಯರು. ಹಾಕಲಾ?

ಹಳೇ ಅಡ್ಮಿನ್:
ದಯವಿಟ್ಟು ಹಾಕಬೇಡಿ. ಹಾಕಿದರೆ ಆ ಡಿಸ್ಕ್ ನಿಮ್ಮ ರೇಡ್‌ಝೆಡ್ ಒಳಗೆ ಸೇರುವುದಿಲ್ಲ. ಪಕ್ಕದಲ್ಲಿ ಬೇರೆಯೇ ವಿಡೆವ್ (ಪೂಲ್‌ನೊಳಗಿನ ಡಿಸ್ಕ್ ಗುಂಪು) ಆಗಿ ನಿಲ್ಲುತ್ತದೆ, ಪ್ಯಾರಿಟಿ (ಕೆಟ್ಟ ಡಿಸ್ಕ್‌ನ ಡೇಟಾ ಮರಳಿ ಕಟ್ಟಲು ಬೇಕಾದ ಮಾಹಿತಿ) ಇಲ್ಲದೆ. ಹೊಸ ಡೇಟಾ ಎರಡರ ಮೇಲೂ ಹರಡುತ್ತದೆ. ಆಮೇಲೆ ಅದೊಂದು ಡಿಸ್ಕ್ ಸತ್ತರೂ ಪೂಲ್ ಪೂರ್ತಿ ಹೋಗುತ್ತದೆ. ರೇಡ್‌ಝೆಡ್ ಇರುವ ಪೂಲ್‌ನಿಂದ ಅದನ್ನು ‘ರಿಮೂವ್’ ಮಾಡಿ ಹೊರಗೆ ತೆಗೆಯಲೂ ಆಗುವುದಿಲ್ಲ. ಆ ಎಚ್ಚರಿಕೆ ಸುಮ್ನೆ ಬಂದದ್ದಲ್ಲ.

ನಿಮಗೆ ಬೇಕಿರುವುದು ‘ಝೆಡ್‌ಪೂಲ್ ಅಟ್ಯಾಚ್’. ರೇಡ್‌ಝೆಡ್ ವಿಡೆವ್‌ಗೇ ಡಿಸ್ಕ್ ಸೇರಿಸುವ ಸೌಲಭ್ಯ 2025ರ ಜನವರಿಯಲ್ಲಿ ಬಂದ ಓಪನ್‌ಝೆಡ್‌ಎಫ್‌ಎಸ್ 2.3ರಲ್ಲಿದೆ. 24.04ರ ಜೊತೆ ಬರುವುದು 2.2. ಹಾಗಾಗಿ ಮೊದಲು ಓಪನ್‌ಝೆಡ್‌ಎಫ್‌ಎಸ್ (ಉಬುಂಟುವಿನಲ್ಲಿರುವ ಝೆಡ್‌ಎಫ್‌ಎಸ್ ಇದೇ) 2.3ಕ್ಕೆ ಅಪ್‌ಗ್ರೇಡ್ ಆಗಬೇಕು. ನಂತರ ‘ಝೆಡ್‌ಪೂಲ್ ಅಪ್‌ಗ್ರೇಡ್’ ಕೊಟ್ಟು ಪೂಲ್‌ನಲ್ಲೂ ಹೊಸ ಸೌಲಭ್ಯ ಆನ್ ಮಾಡಬೇಕು. ಇದಾದ ಮೇಲೆ ಅಟ್ಯಾಚ್ ಮಾಡಿದರೆ ಹಳೇ 2.2 ಈ ಪೂಲ್ ತೆರೆಯುವುದಿಲ್ಲ, ನೆನಪಿರಲಿ.

ರಾತ್ರಿಪಾಳಿ:
ಎಲ್ಲ ಡಿಸ್ಕನ್ನೂ ಒಂದೊಂದಾಗಿ ದೊಡ್ಡದಕ್ಕೆ ಬದಲಿಸಿ, ‘ಆಟೋಎಕ್ಸ್‌ಪಾಂಡ್’ ಆನ್ ಇಟ್ಟರೂ ಜಾಗ ಹೆಚ್ಚುತ್ತದೆ. ಖರ್ಚು ಮಾತ್ರ ಜಾಸ್ತಿ.

ಮದ್ದಳೆಪ್ರಿಯ:
ಅಟ್ಯಾಚ್ ಮಾಡಿದರೆ 4 ಟಿಬಿ ಪೂರ್ತಿ ಸಿಗುತ್ತದಾ?

ಹಳೇ ಅಡ್ಮಿನ್:
ತಕ್ಷಣ ಸಿಗುವುದಿಲ್ಲ. ಹಳೇ ಫೈಲ್‌ಗಳು ಮೂರು ಡೇಟಾಕ್ಕೆ ಒಂದು ಪ್ಯಾರಿಟಿ ಲೆಕ್ಕದಲ್ಲೇ ಉಳಿಯುತ್ತವೆ, ಹೊಸವು ನಾಲ್ಕಕ್ಕೆ ಒಂದು. ಹಳೆಯದನ್ನು ಮತ್ತೆ ಬರೆದರೆ ಉಳಿದ ಜಾಗವೂ ಬರುತ್ತದೆ. ಆದರೆ ಸ್ನ್ಯಾಪ್‌ಶಾಟ್ (ಒಂದು ಕ್ಷಣದ ಡೇಟಾವನ್ನು ಹಾಗೇ ಹಿಡಿದಿಡುವ ಪ್ರತಿ) ಇದ್ದರೆ ಹಳೇ ಬ್ಲಾಕ್‌ಗಳನ್ನು ಅವು ಬಿಡುವುದಿಲ್ಲ, ಡಿಸ್ಕ್ ಇನ್ನೂ ತುಂಬುತ್ತದೆ.

ಇದಕ್ಕೆಲ್ಲ ಮೊದಲು ಒಂದು ಸ್ಕ್ರಬ್ (ಪೂಲ್‌ನ ಡೇಟಾ ಪೂರ್ತಿ ಓದಿ ಪರೀಕ್ಷಿಸುವುದು) ಓಡಿಸಿ, ಎರರ್ ಇಲ್ಲ ಅಂತ ನೋಡಿಕೊಳ್ಳಿ. ಈಗಿಲ್ಲದವರ ಹಾಡು ಅಂದಿರಲ್ಲ, ಕನಿಷ್ಠ ಅಷ್ಟನ್ನಾದರೂ ಈ ಪೂಲ್‌ನ ಹೊರಗೆ, ಬೇರೆ ಮನೆಯಲ್ಲಿರುವ ಡಿಸ್ಕ್‌ಗೆ ಕಾಪಿ ಮಾಡಿ. ಅಟ್ಯಾಚ್ ಆಮೇಲೆ.