ಪದಚರ್ಚೆ: ಉಕ್ಕು ತಯಾರಿಕೆಯ ಸಂದರ್ಭದಲ್ಲಿ ‘ಸಿಮ್ಯುಲೇಷನ್’ ಮತ್ತು ‘ವಿಷುವಲೈಸೇಷನ್’

ಪ್ರಶ್ನೆ

ಮಾನ್ಯರೆ,

ವಿಜ್ಞಾನ ಪ್ರದರ್ಶನವೊಂದರ ಫಲಕಕ್ಕೆ ಕನ್ನಡ ಪಠ್ಯವನ್ನು ಸಿದ್ಧಪಡಿಸುತ್ತಿದ್ದೇನೆ. ಶುಕ್ರವಾರ ಅದು ಅಚ್ಚಿಗೆ ಹೋಗಬೇಕು. ಎರಡು ಪದಗಳು ಇತ್ಯರ್ಥವಾಗದೆ ಇಡೀ ಪಠ್ಯ ನಿಂತುಹೋಗಿದೆ.

ಫಲಕದ ವಿಷಯ ಅಮೆರಿಕದ ಇಂಡಿಯಾನ ರಾಜ್ಯದ ಹ್ಯಾಮಂಡ್‌ನಲ್ಲಿ ಪರ್ಡ್ಯೂ ಯೂನಿವರ್ಸಿಟಿ ನಾರ್ತ್‌ವೆಸ್ಟ್ ನಡೆಸುತ್ತಿರುವ ಸಂಶೋಧನಾ ಕೇಂದ್ರ. 2009ರಲ್ಲಿ ಆರಂಭವಾದ ಈ ಕೇಂದ್ರದ ಹೆಸರಿನಲ್ಲೇ ‘ವಿಷುವಲೈಸೇಷನ್’ ಮೊದಲು, ‘ಸಿಮ್ಯುಲೇಷನ್’ ಆಮೇಲೆ ಬರುತ್ತವೆ. ಉಕ್ಕು ಉದ್ಯಮದೊಂದಿಗೆ ಸೇರಿ ಅದು 2016ರಲ್ಲಿ ಕಟ್ಟಿದ ಒಕ್ಕೂಟದ ಹೆಸರಿನಲ್ಲಿ ಅವೇ ಎರಡು ಪದಗಳು ಹಿಂದುಮುಂದಾಗಿವೆ. ಮಿಷಿಗನ್ ಸರೋವರದ ದಕ್ಷಿಣ ದಂಡೆಯುದ್ದಕ್ಕೂ ದೊಡ್ಡ ಉಕ್ಕಿನ ಕಾರ್ಖಾನೆಗಳಿರುವ ಸೀಮೆ ಅದು. ಕುಲುಮೆಯೊಳಗೆ ನಡೆಯುವುದನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ತೋರಿಸುವ ಕೆಲಸ ಅಲ್ಲಿ ಬೆಳೆದದ್ದು ಸಹಜವೇ ಆಗಿದೆ.

ನಾನು ಮೊದಲು ‘ಅನುಕರಣೆ’ ಮತ್ತು ‘ದೃಶ್ಯೀಕರಣ’ ಎಂದು ಬರೆದಿದ್ದೆ. ಕರಡನ್ನು ನೋಡಿದವರು ‘ಊದುಕುಲುಮೆಯ ಅನುಕರಣೆ’ (ಊದುಕುಲುಮೆ ಎಂದರೆ ಅದಿರಿನಿಂದ ಕಬ್ಬಿಣ ತೆಗೆಯುವ ಬ್ಲಾಸ್ಟ್ ಫರ್ನೇಸ್) ಎಂಬುದನ್ನು ಓದಿ, ಬೇರೆಯವರ ಕುಲುಮೆಯನ್ನು ನಕಲು ಮಾಡಿ ಕಟ್ಟಿದ್ದಾರೆಂದು ಅರ್ಥಮಾಡಿಕೊಂಡರು. ಶೀರ್ಷಿಕೆಗೆ ನಾಲ್ಕು ಪದಗಳಷ್ಟೇ ಜಾಗವಿದೆ. ಪದಗಳು ಶೀರ್ಷಿಕೆಯಲ್ಲಿ ನಿಲ್ಲಬೇಕು, ವಾಕ್ಯದಲ್ಲಿ ವಿಭಕ್ತಿ ಹಚ್ಚಿದಾಗಲೂ ಒಡೆಯಬಾರದು. ದಯವಿಟ್ಟು ತಿಳಿಸಿ.

ಉತ್ತರ 1

ಸಂಸ್ಕೃತದ ಹಂಗಿಲ್ಲದೆ ಇದನ್ನು ಹೇಳಬಹುದು. ಲ್ಯಾಟಿನ್ನಿನ ‘ಸಿಮಿಲಿಸ್’ ಎಂದರೆ ಹೋಲುವ ಎಂದರ್ಥ, ‘ಸಿಮ್ಯುಲೇಷನ್’ ಅದರಿಂದಲೇ ಬಂದದ್ದು. ನಮ್ಮಲ್ಲಿ ‘ಹೋಲು’ ಎಂಬ ಧಾತು ಇದೆ, ‘ಹೋಲುವೆ’ ಎಂಬ ನಾಮಪದವೂ ಇದೆ. ಕುಲುಮೆಯ ನಡೆಯನ್ನು ಹೋಲುವ ನಡೆಯನ್ನು ಗಣಕದಲ್ಲಿ ಉಂಟುಮಾಡುವುದರಿಂದ ‘ಹೋಲುನಡೆ’ ಎನ್ನಿರಿ. ಇನ್ನೊಂದಕ್ಕೆ ‘ಕಾಣಿಸುವಿಕೆ’ ಸಾಕು. ‘ಹೋಲುನಡೆಯಿಂದ’, ‘ಹೋಲುನಡೆಗೆ’, ‘ಹೋಲುನಡೆಯಲ್ಲಿ’ ಎಂದು ಎಲ್ಲ ವಿಭಕ್ತಿಗಳಲ್ಲೂ ಅದು ತೊಡಕಿಲ್ಲದೆ ಸಾಗುತ್ತದೆ. ಮಹಾಪ್ರಾಣವಿಲ್ಲ, ಒತ್ತಕ್ಷರದ ಭಾರವಿಲ್ಲ. ‘ದೃಶ್ಯೀಕರಣ’ವನ್ನು ತಪ್ಪಿಲ್ಲದೆ ಬರೆಯಬಲ್ಲ ವಿದ್ಯಾರ್ಥಿಗಳು ಎಷ್ಟು ಮಂದಿ ಇದ್ದಾರೆಂದು ಒಮ್ಮೆ ಪರೀಕ್ಷಿಸಿ ನೋಡಬಹುದು.

ಉತ್ತರ 2

‘ಹೋಲುನಡೆ’ ಎಂಬ ಪದವನ್ನು ಫಲಕದ ಮುಂದೆ ನಿಂತವರು ಯಾರೂ ಅರ್ಥಮಾಡಿಕೊಳ್ಳುವುದಿಲ್ಲ. ‘ಕಾಣಿಸುವಿಕೆ’ ಪದವಲ್ಲ, ವ್ಯಾಕರಣದ ಅಭ್ಯಾಸ.

ಪತ್ರಿಕೆಗಳು ‘ಅಣಕು ಕಾರ್ಯಾಚರಣೆ’, ‘ಅಣಕು ಮತದಾನ’ ಎಂದು ದಿನವೂ ಬರೆಯುತ್ತವೆ, ಅದು ಜನರಿಗೆ ತಿಳಿದಿದೆ. ‘ಅಣಕು ಕುಲುಮೆ’ ಎಂದರೆ ಮುಗಿಯಿತು.

ಉತ್ತರ 3

ಮುಗಿಯುವುದಿಲ್ಲ. ಈ ಕ್ಷೇತ್ರದಲ್ಲಿ ಕೆಲಸ ಮಾಡಿದವನಾಗಿ ಹೇಳುವುದಾದರೆ, ಪದವನ್ನು ಹುಡುಕುವ ಮುನ್ನ ಅಲ್ಲಿ ನಡೆಯುವ ಕೆಲಸವೇನೆಂದು ನೋಡಬೇಕು. ಇದುವರೆಗಿನ ಉತ್ತರಗಳಲ್ಲಿ ಆ ಪ್ರಯತ್ನ ನನಗೆ ಕಾಣಲಿಲ್ಲ.

ಊದುಕುಲುಮೆಗೆ ಮೇಲಿನಿಂದ ಅದಿರು, ಕೋಕ್ (ಕಲ್ಲಿದ್ದಲನ್ನು ಗಾಳಿಯಿಲ್ಲದೆ ಕಾಯಿಸಿ ಪಡೆದ ಇಂಧನ), ಸುಣ್ಣಕಲ್ಲುಗಳನ್ನು ಪದರಪದರವಾಗಿ ಸುರಿಯುತ್ತಾರೆ. ಕೆಳಭಾಗದಲ್ಲಿ ಸುತ್ತಲೂ ಇರುವ ಊದುಮೂತಿಗಳಿಂದ ಸಾವಿರ ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾಯಿಸಿದ ಗಾಳಿ ರಭಸದಿಂದ ಒಳನುಗ್ಗುತ್ತದೆ, ಅನೇಕ ಕಡೆ ಅದರ ಜೊತೆಗೆ ಕಲ್ಲಿದ್ದಲಿನ ಪುಡಿಯನ್ನೋ ನೈಸರ್ಗಿಕ ಅನಿಲವನ್ನೋ ಊದುತ್ತಾರೆ. ಮೂತಿಯ ಎದುರಿಗೆ ಕೋಕಿನ ತುಂಡುಗಳು ಗಿರಗಿರನೆ ಸುತ್ತುತ್ತ ಉರಿಯುವ ಒಂದು ಪೊಳ್ಳು ಏರ್ಪಡುತ್ತದೆ. ಅಲ್ಲಿನ ಉರಿ ಎರಡು ಸಾವಿರ ಡಿಗ್ರಿಯನ್ನು ಮೀರುತ್ತದೆ. ಅಲ್ಲಿ ಹುಟ್ಟಿದ ಅನಿಲ ಕೆಲವೇ ಸೆಕೆಂಡುಗಳಲ್ಲಿ ಮೇಲಕ್ಕೆ ಸಾಗಿ ಹೊರಬೀಳುತ್ತದೆ; ಆ ಅವಸರದಲ್ಲೇ ಅದರೊಳಗಿನ ಕಾರ್ಬನ್ ಮಾನಾಕ್ಸೈಡ್ ಅದಿರಿನಿಂದ ಆಕ್ಸಿಜನ್ನನ್ನು ಕಸಿದುಕೊಳ್ಳುತ್ತದೆ. ಅದಿರಾದರೋ ಗಂಟೆಗಟ್ಟಲೆ ನಿಧಾನವಾಗಿ ಇಳಿಯುತ್ತ, ನಡುವೆ ಎಲ್ಲೋ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಅನಿಲ ಯಾವ ದಾರಿಯಲ್ಲಿ ಏರಬೇಕೆಂಬುದನ್ನು ಈ ಅಂಟುವಲಯದ ಆಕಾರ ಬಹುಮಟ್ಟಿಗೆ ನಿರ್ಧರಿಸುತ್ತದೆ.

ಇವೆಲ್ಲವೂ ಕಣ್ಣಿಗೆ ಕಾಣದೆ ನಡೆಯುತ್ತವೆ. ಊದುಮೂತಿಯ ಹಿಂದಿನ ಸಣ್ಣ ಗಾಜಿನ ಕಿಂಡಿಯಲ್ಲಿ ಇಣುಕಿದರೆ ಬಿಳಿಯ ಬೆಳಕು ಮತ್ತು ಅದರಲ್ಲಿ ಹಾರುವ ಕಪ್ಪು ಚುಕ್ಕೆಗಳಷ್ಟೇ ಕಾಣುತ್ತವೆ. 1960ರ ದಶಕದ ಕೊನೆಯಲ್ಲಿ ಮತ್ತು 1970ರ ದಶಕದಲ್ಲಿ ಜಪಾನಿನ ಎಂಜಿನಿಯರುಗಳು ಉರಿಯುತ್ತಿದ್ದ ಕುಲುಮೆಗಳನ್ನೇ ತಣಿಸಿ, ಪದರಪದರವಾಗಿ ಬಿಡಿಸಿ ನೋಡಿದರು. ಅಂಟುವಲಯದ ಕುರಿತ ನಮ್ಮ ತಿಳಿವಳಿಕೆಯಲ್ಲಿ ಬಹುಪಾಲು ಆ ಕೆಲಸದಿಂದ ಬಂದದ್ದು. ಹಾಗೆ ಬಿಡಿಸಿ ನೋಡುವುದು ಎಲ್ಲ ಕಡೆಯೂ ಸಾಧ್ಯವಿಲ್ಲ. ಆದ್ದರಿಂದ ಹ್ಯಾಮಂಡ್‌ನಂಥ ಕೇಂದ್ರಗಳಲ್ಲಿ ಕುಲುಮೆಯ ಒಳಗನ್ನು ಸಣ್ಣ ಸಣ್ಣ ಕೋಶಗಳಾಗಿ ಭಾಗಿಸಿ, ಪ್ರತಿ ಕೋಶದಲ್ಲೂ ದ್ರವ್ಯರಾಶಿ, ಸಂವೇಗ, ಶಾಖಗಳ ಲೆಕ್ಕ ಸರಿದೂಗುವಂತೆ ಸಮೀಕರಣಗಳನ್ನು ಬಿಡಿಸುತ್ತಾರೆ, ರಾಸಾಯನಿಕ ಕ್ರಿಯೆಗಳ ವೇಗವನ್ನೂ ಅದರಲ್ಲಿ ಸೇರಿಸುತ್ತಾರೆ. ಬಂದ ಫಲಿತಾಂಶವನ್ನು ಕಾರ್ಖಾನೆಯ ಅಳತೆಗಳೊಂದಿಗೆ ತಾಳೆ ನೋಡುತ್ತಾರೆ. ಇದು ಸಿಮ್ಯುಲೇಷನ್.

ಆ ಲೆಕ್ಕದಿಂದ ಹೊರಬರುವುದು ಸಂಖ್ಯೆಗಳ ರಾಶಿ. ಉಷ್ಣತೆಗೆ ಬಣ್ಣ ಕೊಟ್ಟು, ಅನಿಲದ ಹಾದಿಗೆ ಗೆರೆ ಎಳೆದು, ಮೂರು ಆಯಾಮಗಳನ್ನು ತೋರುವ ಕನ್ನಡಕ ತೊಟ್ಟವರು ಕುಲುಮೆಯೊಳಗೇ ನಿಂತಂತೆ ಸುತ್ತ ನೋಡುವ ಹಾಗೆ ಆ ರಾಶಿಯನ್ನು ಕಣ್ಣಿಗೆ ತರುವುದು ವಿಷುವಲೈಸೇಷನ್. ಎರಡೂ ಬೇರೆಬೇರೆ ಕೆಲಸಗಳು. ಲೆಕ್ಕವಿಲ್ಲದೆ ಬರೀ ಚಿತ್ರ ಮಾಡಿದರೆ ಅದು ಅನಿಮೇಷನ್, ಕುಲುಮೆಯ ಬಗ್ಗೆ ಹೊಸದಾಗಿ ಏನನ್ನೂ ಹೇಳುವುದಿಲ್ಲ. ಹೊರನೋಟದ ಹೋಲಿಕೆಯನ್ನಷ್ಟೇ ಹೇಳುವ ಯಾವ ಪದವೂ ಸಿಮ್ಯುಲೇಷನ್‌ಗೆ ಸಲ್ಲದಿರುವುದು ಈ ಕಾರಣಕ್ಕೆ. ‘ಅಣಕು’ ಎಂಬುದು ಬೆಂಕಿ ಅವಘಡದ ತಾಲೀಮಿಗೆ ಸರಿ. ಕ್ರೇನಿನ ಕೆಳಗೆ ಹೇಗೆ ನಡೆಯಬೇಕು, ಎತ್ತರದಲ್ಲಿ ಕೆಲಸ ಮಾಡುವಾಗ ಸುರಕ್ಷಾ ಪಟ್ಟಿಯನ್ನು ಎಲ್ಲಿಗೆ ಬಿಗಿಯಬೇಕು ಎಂದು ಕಾರ್ಮಿಕರಿಗೆ ಪರದೆಯ ಮೇಲೆ ಕಲಿಸುವ ಸುರಕ್ಷಾ ತರಬೇತಿಗೂ ಅದನ್ನು ಬಳಸಬಹುದೇನೋ. ಕೋಕಿನ ಬಳಕೆಯನ್ನು ತಗ್ಗಿಸುವ ದಾರಿ ಹುಡುಕುವ ಸಂಶೋಧನೆಗೆ ಅದು ಸಲ್ಲುವುದಿಲ್ಲ.

ಪಠ್ಯದಲ್ಲಿ ಇನ್ನೊಂದು ಕಡೆಯೂ ಎಚ್ಚರವಿರಲಿ. ಈ ಲೆಕ್ಕದ ಶಾಸ್ತ್ರವನ್ನು ‘ಗಣಕೀಯ ದ್ರವ ಚಲನಶಾಸ್ತ್ರ’ ಎಂದು ಬರೆಯುವುದುಂಟು. ಊದುಕುಲುಮೆಯಲ್ಲಿ ಮೊದಲು ಹರಿಯುವುದು ಅನಿಲ. ‘ದ್ರವ’ ಎಂದರೆ ಓದುಗರು ಕರಗಿದ ಕಬ್ಬಿಣವನ್ನಷ್ಟೇ ನೆನೆಯುತ್ತಾರೆ. ‘ಹರಿವಿನ ಲೆಕ್ಕ’ ಎಂದು ಬರೆದರೆ ಎರಡೂ ಒಳಗಾಗುತ್ತವೆ.

ಉತ್ತರ 4

ಮೂರನೆಯ ಉತ್ತರದಲ್ಲಿರುವ ವಿವರಣೆಯೇ ‘ದೃಶ್ಯೀಕರಣ’ದ ಪರವಾದ ವಾದವಾಗಿದೆ. ‘ದೃಶ್ಯೀ’ ಎಂಬಲ್ಲಿನ ಈಕಾರವನ್ನು ಅಲಂಕಾರಕ್ಕಾಗಿ ಇಟ್ಟದ್ದಲ್ಲ. ಅದು ಸಂಸ್ಕೃತದ ಚ್ವಿ ಪ್ರತ್ಯಯದ ಗುರುತು, ಅದರ ಅರ್ಥ ಅಭೂತತದ್ಭಾವ, ಅಂದರೆ ಮೊದಲು ಹಾಗಿಲ್ಲದಿದ್ದುದು ಹಾಗಾಗುವುದು. ಶುದ್ಧೀಕರಣವೆಂದರೆ ಶುದ್ಧವಲ್ಲದ್ದನ್ನು ಶುದ್ಧಗೊಳಿಸುವುದು. ದೃಶ್ಯೀಕರಣವೆಂದರೆ ಕಾಣದಿದ್ದುದನ್ನು ಕಾಣುವಂತೆ ಮಾಡುವುದು. ಯಾರೂ ಕಂಡಿರದ ಕುಲುಮೆಯ ಒಡಲನ್ನು ಕಣ್ಣಿಗೆ ತರುವ ಕೆಲಸಕ್ಕೆ ಇದಕ್ಕಿಂತ ನಿಖರವಾದ ಪದ ಯಾವುದಿದೆ? ‘ಕಾಣಿಸುವಿಕೆ’ಯಲ್ಲಿ ಈ ಅರ್ಥ ಬರುವುದಿಲ್ಲ, ಮೊದಲೇ ಕಾಣುತ್ತಿದ್ದುದನ್ನೂ ಕಾಣಿಸಬಹುದು.

ಇನ್ನು ‘ಅನುಕರಣೆ’. ನಮ್ಮ ವ್ಯಾಕರಣದಲ್ಲೇ ಅನುಕರಣಾವ್ಯಯಗಳಿವೆ. ‘ಗಿರಗಿರ’, ‘ದಡದಡ’ ಎಂಬವು ಸದ್ದನ್ನೋ ಚಲನೆಯ ಬೆಡಗನ್ನೋ ತೋರುತ್ತವೆ, ಆ ಕ್ರಿಯೆಯ ಕಾರಣವನ್ನು ಹೇಳುವುದಿಲ್ಲ. ಕನ್ನಡದ ಕಿವಿಗೆ ಅನುಕರಣೆಯೆಂದರೆ ಹೊರಗಿನ ಹೋಲಿಕೆ. ಆದ್ದರಿಂದ ಅದನ್ನು ಬಿಡುವುದೇ ಸರಿ. ಹಿಂದಿಯವರು ‘ಅನುಕಾರ’ ಎಂದು ತುಸು ಬೇರೆಯಾಗಿ ಕಟ್ಟಿಕೊಂಡಿದ್ದಾರೆ. ಅದನ್ನು ಕನ್ನಡಕ್ಕೂ ತರಬಹುದು.

ಉತ್ತರ 1, ಮತ್ತೆ

ಕನ್ನಡದ ಧಾತುವಿನಿಂದ ಕಟ್ಟಿದ ಪದ ಯಾರಿಗೂ ಅರ್ಥವಾಗುವುದಿಲ್ಲ, ಹಿಂದಿಯಿಂದ ತಂದ ‘ಅನುಕಾರ’ ಎಲ್ಲರಿಗೂ ಅರ್ಥವಾಗುತ್ತದೆ! ಈ ಚರ್ಚಾಪಟ್ಟಿಯಲ್ಲಿ ವರ್ಷಗಳಿಂದ ನಡೆದಿರುವುದು ಇದೇ. ಚ್ವಿ ಪ್ರತ್ಯಯದ ಅರ್ಥ ತಿಳಿದವರು ಫಲಕವನ್ನು ಓದಲು ಬರುವುದಿಲ್ಲ, ಬರುವವರು ಮಕ್ಕಳು. ಊದುಕುಲುಮೆ, ಅದಿರು, ಎರಕ, ತಿದಿ, ಬೀಡು ಇವನ್ನೆಲ್ಲ ಯಾವ ಪಂಡಿತರೂ ಕುಳಿತು ಕಟ್ಟಲಿಲ್ಲ. ಲೋಹದ ಕೆಲಸದಲ್ಲಿ ಕನ್ನಡ ಎಂದೂ ಬಡವಾಗಿರಲಿಲ್ಲ. ದಕ್ಷಿಣ ಭಾರತದ ಹೆಸರಾಂತ ಉಕ್ಕಿಗೆ ಇಂಗ್ಲಿಷಿನಲ್ಲಿರುವ ‘ವೂಟ್ಸ್’ ಎಂಬ ಹೆಸರೇ ನಮ್ಮ ‘ಉಕ್ಕು’ ಅಲ್ಲವೆ? 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಇಟ್ಟ ಪ್ರಬಂಧದಲ್ಲಿ ಆ ಪದವಿದೆ. ಕೊಡುವ ಶಕ್ತಿಯಿದ್ದ ನುಡಿ ಇಂದು ಎರಡು ಪದಗಳಿಗಾಗಿ ಎಲ್ಲರ ಮನೆ ಬಾಗಿಲಲ್ಲಿ ನಿಲ್ಲಬೇಕೆ?

ಉತ್ತರ 3, ಮತ್ತೆ

ತಮ್ಮ ಉದಾಹರಣೆ ತಮ್ಮ ವಾದಕ್ಕೇ ವಿರುದ್ಧವಾಗಿದೆ. ‘ವೂಟ್ಸ್’ ‘ಉಕ್ಕಿ’ನಿಂದ ಹುಟ್ಟಿತೆಂಬ ವಿವರಣೆಯನ್ನು ಒಪ್ಪಿದರೆ, ಇಂಗ್ಲಿಷರಿಗೆ ತಿಳಿಯದ ವಸ್ತು ಹೊರಗಿನಿಂದ ಬಂದಾಗ ಅವರು ಅದರ ಹೆಸರನ್ನೂ ವಸ್ತುವಿನೊಡನೆಯೇ ಬರಮಾಡಿಕೊಂಡರು, ತಮ್ಮ ಧಾತುಗಳಿಂದ ಹೊಸದನ್ನು ಕಟ್ಟಲು ಕೂರಲಿಲ್ಲ ಎಂದಷ್ಟೇ ಅದರಿಂದ ಸಿದ್ಧವಾಗುತ್ತದೆ. ಅದರಿಂದ ಇಂಗ್ಲಿಷ್ ಬಡವಾಗಲಿಲ್ಲ. ಊದುಕುಲುಮೆಯನ್ನು ಕನ್ನಡದಲ್ಲೇ ಕರೆಯೋಣ, ನನಗೆ ಸಂತೋಷ. ‘ಕೋಕ್’ ಅನ್ನು ಏನೆಂದು ಕರೆಯುತ್ತೀರಿ? ಅದಕ್ಕೆ ಯಾರೂ ತಕರಾರು ಎತ್ತಿಲ್ಲವೆಂದರೆ, ಎರವಲು ಪದ ಬಳಕೆಯಲ್ಲಿ ನೆಲೆಯಾದ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲವೆಂದು ಅರ್ಥ.

ಉತ್ತರ 4, ಮತ್ತೆ

ಎರವಲು ತಪ್ಪಲ್ಲ, ಆದರೆ ಎರಡನ್ನೂ ಎರವಲು ಪಡೆಯುವುದು ಸೋಮಾರಿತನ. ಅರ್ಥ ಕೂಡಿಬರುವ ಪದ ಕೈಯಲ್ಲಿರುವಾಗ ಅದನ್ನು ಬಿಡಬಾರದು. ‘ದೃಶ್ಯೀಕರಣ’ವನ್ನು ಉಳಿಸಿಕೊಳ್ಳಿ. ಇನ್ನೊಂದರ ವಿಷಯದಲ್ಲಿ ‘ಅನುಕಾರ’ಕ್ಕೆ ನಾನು ಹಟ ಹಿಡಿಯುವುದಿಲ್ಲ.

ಉತ್ತರ 2, ಮತ್ತೆ

ಒಂದು ಸಂಸ್ಕೃತ, ಒಂದು ಇಂಗ್ಲಿಷ್. ಶೀರ್ಷಿಕೆ ಕುಂಟುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ನಾನು ನಿರ್ಧರಿಸಿದ್ದನ್ನು ಕಾರಣಸಹಿತ ತಿಳಿಸುತ್ತೇನೆ, ಏಕೆಂದರೆ ನಾಳೆ ಇದೇ ಪದಗಳು ಇನ್ನೊಬ್ಬರಿಗೂ ಬೇಕಾಗುತ್ತವೆ.

ಲೆಕ್ಕ ಮಾಡುವುದು ಮತ್ತು ಅದನ್ನು ಕಾಣುವಂತೆ ಮಾಡುವುದು ಬೇರೆಬೇರೆ ಕೆಲಸಗಳೆಂಬ ಮಾತನ್ನೇ ನಾನು ಒರೆಗಲ್ಲಾಗಿ ಇಟ್ಟುಕೊಂಡೆ. ಎರಡನೆಯದಕ್ಕೆ ‘ದೃಶ್ಯೀಕರಣ’ ಒಪ್ಪುತ್ತದೆ, ಪಠ್ಯಪುಸ್ತಕ ಓದಿದವರಿಗೆ ‘ಶುದ್ಧೀಕರಣ’, ‘ವಿದ್ಯುದೀಕರಣ’ಗಳ ಪರಿಚಯವಿರುವುದರಿಂದ ಅದು ತೀರ ಅಪರಿಚಿತವೆನಿಸದು. ಮೊದಲನೆಯದಕ್ಕೆ ಇಲ್ಲಿ ಬಂದ ಎಲ್ಲ ಕನ್ನಡ, ಸಂಸ್ಕೃತ ಪದಗಳೂ ಹೋಲಿಕೆಯನ್ನೇ ಹೇಳುತ್ತವೆ, ಲೆಕ್ಕವನ್ನು ಒಂದೂ ಹೇಳುವುದಿಲ್ಲ. ‘ಹೋಲುನಡೆ’ಯಲ್ಲಿ ‘ನಡೆ’ ಎಂಬ ಭಾಗ ನನಗೆ ಬಹಳ ಹಿಡಿಸಿತು. ಕುಲುಮೆಯ ನಡೆಯೇ ಸಂಶೋಧಕರು ಹುಡುಕುತ್ತಿರುವುದು. ಆದರೂ ‘ಹೋಲು’ ಎಂಬುದು ಮತ್ತೆ ನಕಲಿನ ಕಡೆಗೇ ಓದುಗರನ್ನು ಎಳೆಯುತ್ತದೆ. ಆದ್ದರಿಂದ ‘ಸಿಮ್ಯುಲೇಷನ್’ ಅನ್ನು ಹಾಗೆಯೇ ಇಟ್ಟು, ಮೊದಲ ಬಾರಿ ಬಂದಲ್ಲಿ ವಾಕ್ಯದಲ್ಲೇ ಅದರ ಅರ್ಥವನ್ನು ಬಿಡಿಸುತ್ತೇನೆ. ಫಲಕದ ಪಠ್ಯ ಹೀಗಿರುತ್ತದೆ:

‘ಉಕ್ಕು ತಯಾರಿಕೆ: ಸಿಮ್ಯುಲೇಷನ್, ದೃಶ್ಯೀಕರಣ. ಉರಿಯುವ ಊದುಕುಲುಮೆಯ ಒಳಗೆ ಇಳಿದು ನೋಡಲಾಗದು. ಅಲ್ಲಿನ ಗಾಳಿ, ಉರಿ, ಅದಿರುಗಳ ನಡೆಯನ್ನು ಭೌತ ಮತ್ತು ರಸಾಯನ ವಿಜ್ಞಾನಗಳ ನಿಯಮಗಳಂತೆ ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ತಿಳಿಯುವುದು ಸಿಮ್ಯುಲೇಷನ್. ಆ ಲೆಕ್ಕವನ್ನು ಬಣ್ಣ, ಗೆರೆ, ಆಕಾರಗಳಲ್ಲಿ ಕಣ್ಣಿಗೆ ತರುವುದು ದೃಶ್ಯೀಕರಣ. ಊದುವ ಕಲ್ಲಿದ್ದಲಿನ ಪುಡಿಯನ್ನು ಹೆಚ್ಚಿಸಿದರೆ ಕೋಕಿನ ಬಳಕೆ ಎಷ್ಟು ತಗ್ಗುತ್ತದೆ ಎಂಬಂಥ ಪ್ರಶ್ನೆಗಳನ್ನು, ನಡೆಯುತ್ತಿರುವ ಕುಲುಮೆಯನ್ನು ಅಪಾಯಕ್ಕೊಡ್ಡದೆ, ಹೀಗೆ ಮೊದಲೇ ಪರಿಶೀಲಿಸಬಹುದು.’

ಕೇಂದ್ರದ ಹೆಸರನ್ನು ಅನುವಾದಿಸದೆ ಕನ್ನಡ ಲಿಪಿಯಲ್ಲಿ ಬರೆಯುತ್ತೇನೆ, ಅದು ಅಂಕಿತನಾಮ. ಒಕ್ಕೂಟವನ್ನು ‘ಒಕ್ಕೂಟ’ವೆಂದೇ ಕರೆದಿದ್ದೇನೆ. ಸುರಕ್ಷಾ ತರಬೇತಿಯ ಕುರಿತ ಚಿಕ್ಕ ಚೌಕದಲ್ಲಿ ‘ಅಣಕು ತಾಲೀಮು’ ಎಂಬುದನ್ನು ಬಳಸಿದ್ದೇನೆ, ಅಲ್ಲಿ ಅದು ಸರಿಯಾಗಿ ಕೂತಿದೆ.

ಉತ್ತರ 1, ಮತ್ತೆ

ನನಗೆ ಒಪ್ಪಿಗೆಯಿಲ್ಲ. ಆದರೆ ‘ಅದಿರುಗಳ ನಡೆಯನ್ನು ಲೆಕ್ಕಹಾಕಿ ತಿಳಿಯುವುದು’ ಎಂಬ ವಾಕ್ಯ ಚೆನ್ನಾಗಿದೆ, ಅದು ಕನ್ನಡ.

ಉತ್ತರ 4, ಮತ್ತೆ

ಅಚ್ಚಿಗೆ ಹೋಗುವ ಮುನ್ನ ಒಂದು ಮಾತು. ಇಂಗ್ಲಿಷಿನ ಆ ಉಚ್ಚಾರಣೆ ಮೂರ್ಧನ್ಯವಲ್ಲ, ಆದ್ದರಿಂದ ‘ಸಿಮ್ಯುಲೇಶನ್’ ಎಂದು ತಾಲವ್ಯ ಶಕಾರದಲ್ಲಿ ಬರೆಯುವುದೇ ಶಾಸ್ತ್ರೀಯ.

ಪ್ರಶ್ನೆ ಕೇಳಿದವರಿಂದ

‘ಸ್ಟೇಷನ್’, ‘ಪಿಂಚಣಿ’ಗಳನ್ನು ಕನ್ನಡ ತನ್ನ ರೂಢಿಯಂತೆ ಬರೆದುಕೊಂಡಿದೆ, ಇದೂ ‘ಸ್ಟೇಷನ್’ ಸಾಲಿಗೇ ಸೇರಲಿ. ಷಕಾರವನ್ನೇ ಇಟ್ಟು ಕಳುಹಿಸಿದ್ದೇನೆ.