ಬೇಸ್ ಗಿಟಾರ್ ಸ್ಟುಡಿಯೋದಾಗ ಭಾರಿ ಕೇಳ್ತೈತಿ, ಮೊಬೈಲ್‌ದಾಗ ಹಚ್ಚಿದ್ರ ಮಾಯ, ಏನ್ ಮಾಡ್ಲಿ?

ನವನಗರ_ಬೇಸ್ (ಬಾಗಲಕೋಟಿ)

ನಮಸ್ಕಾರ್ರಿ ಎಲ್ಲಾರ್ಗೂ. ನಾವು ಐದ ಮಂದಿ ಸೇರಿ ವಚನ, ತತ್ವಪದ ಹಾಡ್ತೀವಿ, ಹಾರ್ಮೋನಿಯಂ, ಢೋಲಕಿ, ತಾಳ, ಅದರ ಜೋಡಿ ನಂದು ಬೇಸ್ ಗಿಟಾರ್. ಹ್ವಾದ ವಾರ ಬೆಳಗಾವಿಗೆ ಹೋಗಿ ಒಂದ ಸ್ಟುಡಿಯೋದಾಗ ಎರಡ ಹಾಡ ರೆಕಾರ್ಡ್ ಮಾಡಿಸಿದ್ವಿ. ಅಲ್ಲಿ ದೊಡ್ಡ ಸ್ಪೀಕರ್‌ದಾಗ ಎದಿ ನಡಗೂ ಹಂಗ ಬರಾಕತ್ತಿತ್ತು, ಖುಷಿಲೇ ರೊಕ್ಕಾ ಕೊಟ್ಟ ಬಂದ್ವಿ. ಬಸ್ಸಿನ್ಯಾಗ ಬರಾಗ ಮೊಬೈಲ್‌ದಾಗ ಹಚ್ಚಿದ್ರ ಬೇಸ್ ಇಲ್ಲೇ ಇಲ್ರಿ. ಮನ್ಯಾಗ ಹೋಂ ಥಿಯೇಟರ್‌ಕ್ಕ ಹಚ್ಚಿದ್ರ ಬರೇ ಗುಂಯ್ ಅಂತೈತಿ, ಯಾವ ಸ್ವರ ಬಾರ್ಸೇನಿ ಅನ್ನೂದ ತಿಳಿಯಂಗಿಲ್ಲ, ಹಾಡ ನಿಂತಲ್ಲೆ ಹಿಂದ ಜಂಯ್ ಅಂತ ಒಂದ ಸಪ್ಪಳ ಬ್ಯಾರೆ. ನಂದು ನಾಕ ತಂತಿದು, ಜಾಝ್ ಬೇಸ್ ಮಾದರಿ, ಬ್ಯಾಟರಿ ಇಲ್ಲದ್ದು. ತಂತಿ ಮೂರ ವರ್ಷದ್ದು. ಕೇಬಲ್ ಸೀದಾ ಮಿಕ್ಸರ್‌ಗೆ ಚುಚ್ಚಿದ್ರು. ಹಾಡವರ ಶ್ರುತಿ ಕಪ್ಪು ಒಂದು. ಮತ್ತ ರೊಕ್ಕಾ ಕೊಟ್ಟ ಮೊದಲಿಂದ ಮಾಡಿಸಬೇಕೇನ್ರಿ?

ಟಿಳಕವಾಡಿ_ಮಿಕ್ಸಿಂಗ್ (ಬೆಳಗಾವಿ)

ತಮ್ಮಾ, ಮೊದಲ ಒಂದ ಕೇಳ್ತೀನಿ, ಮಿಕ್ಸರ್‌ದಾಗ ಯಾವ ಸಾಕೆಟ್‌ಗೆ ಚುಚ್ಚಿದ್ರು? ಬ್ಯಾಟರಿ ಇಲ್ಲದ ಬೇಸ್‌ನ ಪಿಕಪ್ (ತಂತಿ ಕೆಳಗ ಸಪ್ಪಳ ಹಿಡಿಯೂದು) ಬರೇ ಕಾಯಿಲ್, ಅದಕ್ಕ 1 ಮೆಗಓಮ್ ಹತ್ತತ್ರ ತಡೆ (ಇಂಪೀಡೆನ್ಸ್) ಇರೂ ಇನ್‌ಪುಟ್ ಬೇಕು. ಲೈನ್ ಇನ್‌ಪುಟ್ ಸಾಮಾನ್ಯ 10 ಕಿಲೋಓಮ್ ಇರ್ತೈತಿ, ಅದಕ್ಕ ಚುಚ್ಚಿದ್ರ ಮ್ಯಾಲಿನ ಮಿಂಚೆಲ್ಲಾ ಅಲ್ಲೇ ಸತ್ತ ಬರೇ ದಪ್ಪ ಉಳಿತೈತಿ. ಡಿಐ ಬಾಕ್ಸ್ (ಬೇಸ್ ಸಿಗ್ನಲ್‌ನ ಮಿಕ್ಸರ್‌ಗೆ ಹೊಂದಿಸೂ ಡಬ್ಬಿ) ಬೇಕು, ಇಲ್ಲಂದ್ರ ಇಂಟರ್‌ಫೇಸ್‌ದಾಗ (ಕಂಪ್ಯೂಟರ್‌ಗೆ ಸಪ್ಪಳ ಒಯ್ಯೂ ಡಬ್ಬಿ) ಇನ್‌ಸ್ಟ್ರುಮೆಂಟ್ ಅಂತ ಬಟನ್ ಇರ್ತೈತಲ್ಲ, ಅದನ್ನ ಒತ್ತಬೇಕು. ನಿಮ್ಮ ಗುಂಯ್‌ಗೆ ಇದ ಕಾರಣ ಅಂತ ನನಗ ಅನ್ನಸ್ತೈತಿ.

ಇನ್ನ ಮೊಬೈಲ್ ಮಾತು. ಕಪ್ಪು ಒಂದರ ಸಾ ನಿಮ್ಮ ಬೇಸ್‌ದಾಗ ಎ ತಂತಿ ನಾಕನೇ ಫ್ರೆಟ್, ಅದು 69 ಹರ್ಟ್ಸ್. ಮೊಬೈಲ್‌ನ ಸಣ್ಣ ಸ್ಪೀಕರ್‌ಗೆ 69 ಬರಂಗೇ ಇಲ್ಲ. ಆದ್ರ ಅದರ ಮ್ಯಾಲಿನ 138, 207, 277 ಚಲೋ ಇದ್ರ ನಮ್ಮ ಕಿವಿ ಕೆಳಗಿನ ಸ್ವರಾನ ತಾನ ತುಂಬಕೊಂತೈತಿ. ಅದಕ್ಕ ನಾ ಬೇಸ್ ಕೇಳವಲ್ದು ಅಂದ ಕೂಡ್ಲೆ ಲೋ ನಾಬ್ ಮುಟ್ಟಂಗಿಲ್ಲ, 700ರಿಂದ 1000 ಹರ್ಟ್ಸ್ ನಡುವ ಒಂದ ಸ್ವಲ್ಪ ಏರಿಸ್ತೀನಿ, 30ರ ಕೆಳಗಿಂದು ಕಡದ ಬಿಡ್ತೀನಿ. ಢೋಲಕಿ ಎಡಗೈ ಧುಮ್ ಅನ್ನೂದೂ ಅದ ಕೆಳಗಿನ ಜಾಗಾದಾಗ ಕುಂದರ್ತೈತಿ, ಇಬ್ಬರಿಗೂ ಜಾಗಾ ಮಾಡಿಕೊಡಬೇಕು. ಕಂಪ್ರೆಸರ್ (ಜೋರ ಸಪ್ಪಳ ತಗ್ಗಿಸಿ ಸಮ ಮಾಡೂದು) 4:1, ಅಟ್ಯಾಕ್ (ಅದು ಹಿಡ್ಯಾಕ ತಗೊಳ್ಳೂ ಟೈಮ್) 20–30 ಮಿಲಿಸೆಕೆಂಡ್, ಬೆರಳ ತಾಗಿದ್ದು ಕೇಳಿಸಬೇಕಲ್ಲ ಅದಕ್ಕ.

ಗೋಳಗುಮ್ಮಟ_ತಂತಿ (ವಿಜಯಪುರ)

ಸರ ಹೇಳಿದ್ದ ಖರೇ ಐತಿ, ಆದ್ರ ನಾಬ್‌ಕಿಂತ ಮೊದಲ ಕೈ ನೋಡ್ರಿ ಅಣ್ಣಾ. ಅದ ಸಾ ಇ ತಂತಿ ಒಂಬತ್ತನೇ ಫ್ರೆಟ್‌ನ್ಯಾಗೂ ಸಿಗ್ತೈತಿ, ಅಲ್ಲಿ ದಪ್ಪ, ಎ ತಂತಿ ಮ್ಯಾಲ ಸ್ವಚ್ಛ. ನೀವ ಎಲ್ಲಿ ಬಾರ್ಸಿದ್ರಿ? ಬೆರಳ ಕುತ್ತಿಗಿ ಹಂತ್ಯಾಕ ಹೊಡದ್ರ ಮೆತ್ತಗ, ಬ್ರಿಜ್ ಕಡೆ ಸರದ್ರ ಸ್ವರ ಬಿಡಿಬಿಡಿಯಾಗಿ ತಿಳಿತೈತಿ. ಮತ್ತ ಬಾರಸದ ತಂತಿ ಮ್ಯಾಲ ಎಡಗೈ, ಹೆಬ್ಬಟ್ಟ ಇಟ್ಟ ಮುಚ್ಚಬೇಕ್ರಿ, ನಾ ಮೊದಲನೇ ಸಲ ರೆಕಾರ್ಡ್ ಮಾಡಿದಾಗ ಇದನ್ನ ಮಾಡಿರಲಿಲ್ಲ, ಸ್ಟೇಜ್ ಮ್ಯಾಲ ಕೇಳದ ಸಪ್ಪಳೆಲ್ಲಾ ಹೆಡ್‌ಫೋನ್‌ದಾಗ ಎದ್ದ ಬಂತು, ಮನಸಿಗಿ ಭಾಳ ಹತ್ತಿತ್ತು.

ತಂತಿ ಹಳೇವು ಅಂತ ತಗದ ಒಗ್ಯಾಕ ಹೋಗಬ್ಯಾಡ್ರಿ. 1960ರ ದಶಕದಾಗ ಅಮೆರಿಕಾದ ಡೆಟ್ರಾಯ್ಟ್‌ನ ಮೋಟೌನ್ ರೆಕಾರ್ಡ್ ಕಂಪನ್ಯಾಗ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಹಳೇ ಫ್ಲಾಟ್‌ವೌಂಡ್ (ಮ್ಯಾಲ ಚಪ್ಪಟಿ ಪಟ್ಟಿ ಸುತ್ತಿದ) ತಂತಿ ಮ್ಯಾಲ, ಒಂದ ತೋರಬೆರಳಿನ್ಯಾಗ, ಡಿಐಲೇ ಬಾರ್ಸ್ಯಾರ. ಆದ್ರ 12ನೇ ಫ್ರೆಟ್ ಒತ್ತಿ, ಅಲ್ಲೇ ಹಾರ್ಮೋನಿಕ್ (ತಂತಿ ಒತ್ತದ ಬರೇ ಮುಟ್ಟಿ ಬರೂ ಸ್ವರ) ತಗದು, ಟ್ಯೂನರ್‌ದಾಗ ಎರಡೂ ಒಂದ ಬರ್ತಾವೋ ಇಲ್ಲೋ ನೋಡ್ರಿ. ಬ್ರಿಜ್‌ದಾಗ ತಂತಿ ಉದ್ದ ಸೆಟ್ ಮಾಡಿದ್ರೂ ಬರಲಿಲ್ಲಂದ್ರ ತಂತಿ ಮುಗದಾವ, ಹಾರ್ಮೋನಿಯಂ ಜೋಡಿ ಅಪಸ್ವರ ಆಗ್ತೈತಿ.

ಕ್ಯಾಂಪ್_ಆಂಪ್ (ಬೆಳಗಾವಿ)

ಡಿಐ ಒಂದರಲೇ ನನಗ ಸಮಾಧಾನ ಇಲ್ಲ. ಆಂಪ್ ಮುಂದ ಮೈಕ್ ಇಟ್ಟ ಎರಡೂ ತಗೊಂಡ್ರ ಗಾಳಿ ಅಲಗಾಡೂ ಜೀವಾ ಸಿಗ್ತೈತಿ. ಮೈಕ್ ಒಂದ ಫೂಟ ದೂರ ಇದ್ರ ಹತ್ತತ್ರ 1 ಮಿಲಿಸೆಕೆಂಡ್ ತಡ ಬರ್ತೈತಿ, ಆ ಮೈಕ್ ಟ್ರ್ಯಾಕ್ ಅಷ್ಟ ಮೊದಲ ಬರೂ ಹಂಗ ಸರಿಸಿ ಡಿಐಗೆ ಕೂಡಸಬೇಕು, ಇಲ್ಲಂದ್ರ ಇಬ್ಬರೂ ಬಡದಾಡಿ ದಪ್ಪ ಹೋಗ್ತೈತಿ.

ಜಂಯ್ ಸಪ್ಪಳಕ್ಕ: ಎರಡೂ ಪಿಕಪ್ ವಾಲ್ಯೂಮ್ ಪೂರಾ ಇಡ್ರಿ, ಜಾಝ್ ಬೇಸ್ ಮಾದರ್ಯಾಗ ಹಂಗ ಮಾಡಿದ್ರ ಎರಡೂ ಪಿಕಪ್‌ನ ಹಮ್ (ಆ ಜಂಯ್) ಒಂದಕ್ಕೊಂದ ಕಡಿತೈತಿ. ತಂತಿ ಮುಟ್ಟಿದ ಕೂಡ್ಲೆ ಸಪ್ಪಳ ಕಡಿಮಿ ಆದ್ರ ಒಳಗಿನ ಶೀಲ್ಡಿಂಗ್ (ಹೊರಗಿನ ಸಪ್ಪಳ ತಡಿಯೂ ಲೋಹದ ಹೊದಿಕಿ) ನೋಡಸ್ರಿ. ಲ್ಯಾಪ್‌ಟಾಪ್ ಚಾರ್ಜರ್ ತಗದೂ ಒಮ್ಮೆ ಕೇಳ್ರಿ.

ನವನಗರ_ಬೇಸ್

ಸರ, ಸ್ಟುಡಿಯೋಕ್ಕ ಫೋನ್ ಹಚ್ಚಿದ್ದೆ, ಲೈನ್ ಇನ್‌ಪುಟ್ಟ ಅಂತ್ರಿ. ನಮ್ಮ ಹಾರ್ಮೋನಿಯಂ ಅಣ್ಣಾರ ಹಂತ್ಯಾಕ ಸಣ್ಣ ಇಂಟರ್‌ಫೇಸ್ ಇತ್ತು, ಇನ್‌ಸ್ಟ್ರುಮೆಂಟ್ ಬಟನ್ ಒತ್ತಿ, ಎರಡೂ ವಾಲ್ಯೂಮ್ ಪೂರಾ ಇಟ್ಟ, ಎ ತಂತಿ ಮ್ಯಾಲ ಬ್ರಿಜ್ ಕಡೆ ಬಾರ್ಸಿ ಒಂದ ಪಲ್ಲವಿ ತಗೊಂಡ್ವಿ. ಈಕ್ವಲೈಜರ್ ಏನೂ ಹಚ್ಚಿಲ್ಲ, ಮೊಬೈಲ್‌ದಾಗ ಪ ಯಾವುದು ಸಾ ಯಾವುದು ತಿಳಿಯಾಕತ್ತೈತ್ರಿ! ಜಂಯ್ ಅನ್ನೂದೂ ಹೋತು. ಇದ ಬೇಸ್ ಅಷ್ಟ ಹಳೇ ಮಿಕ್ಸ್‌ದಾಗ ಹಾಕಾಕ ಬರ್ತೈತೇನ್ರಿ?

ಟಿಳಕವಾಡಿ_ಮಿಕ್ಸಿಂಗ್

ಬರ್ತೈತಿ ತಮ್ಮಾ. ಸ್ಟುಡಿಯೋದವರ ಕಡೆಯಿಂದ ಬ್ಯಾರೆಬ್ಯಾರೆ ಟ್ರ್ಯಾಕ್ ಕೇಳಿ ಇಸ್ಕೋರಿ, ಎಂಪಿ3 ಬ್ಯಾಡ, 24 ಬಿಟ್ ವೇವ್ ಫೈಲ್. ಸ್ಯಾಂಪಲ್ ರೇಟ್ ಅವರದ್ದ ಇರಲಿ, ಬೇಸ್ ಲೆವೆಲ್ ಮೈನಸ್ 10 ಡಿಬಿ ಹತ್ತತ್ರ ನಿಲ್ಲಿಸ್ರಿ. ಢೋಲಕಿ ಟ್ರ್ಯಾಕ್ ಕಿವ್ಯಾಗ ಹಾಕ್ಕೊಂಡ ಅದರ ಜೋಡಿನ ಬಾರಸ್ರಿ, ಬರೇ ಕ್ಲಿಕ್‌ಗೆ (ಲಯಕ್ಕ ಹಾಕೂ ಟಿಕ್ ಟಿಕ್) ಬ್ಯಾಡ.